ಕಾಕಾ ಕೊಟ್ಟ ಡಬ್ಬಿ

ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಈಗಲೂ ಜೋಗೇಶ್ವರಿಯ ನಮ್ಮ ಚಾಳಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ತಮ್ಮ, ನನ್ನ ಕಾಕಾನಿಗೆ, ಬಾಹ್ಯಾಕಾಶ ಯುದ್ಧದ ಇಂಗ್ಲಿಷ್ ಸಿನಿಮಾಗಳ ಹುಚ್ಚು. ಒಂದೊಂದು ಭಾಗ ಬಂದಾಗಲೂ ಅದರ ಗೊಂಬೆ, ಸ್ಟಿಕರು ಕೂಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದ. ನನಗೆ ಮುಟ್ಟಗೊಡುತ್ತಿರಲಿಲ್ಲ. ಅಂದು ಕೆಲಸ ಬಿಟ್ಟು ಮಧ್ಯಾಹ್ನವೇ ಮನೆಗೆ ಬಂದ. ಕುಳಿತ, ಎದ್ದ, ಗ್ಯಾಲರಿಗೆ ಹೋಗಿ ಮೇಲಿನ ಮಹಡಿಯತ್ತ ನೋಡಿ ಮತ್ತೆ ಒಳಗೆ ಬಂದ. ಕೊನೆಗೆ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟ.

“ಇನ್ನ ಮ್ಯಾಲೆ ಇವೆಲ್ಲಾ ನಿನ್ನವ. ರೋಬೋಟಿನ ಕೈ ಸಡಲ ಆಗೇತಿ, ಜ್ವಾಕಿ.”

“ನಿನಗ ಬ್ಯಾಡೇನು ಕಾಕಾ?”

ಅವನು ಚೀಲವನ್ನು ಹೆಗಲಿಗೇರಿಸಿದ. ಅವ್ವ ಚಪಾತಿಯ ದೊಡ್ಡ ಗಂಟೊಂದನ್ನು ಅವನ ಚೀಲಕ್ಕೆ ತುರುಕಿ, “ಇಬ್ಬರಿಗೂ ಸಾಲ್ತಾವ. ಲೋಕಲ್ ಗಾಡಿ ತಪ್ಪೀತು, ನಡಿ” ಎಂದಳು.

ಸಂಜೆ ನಾವು ಊಟಕ್ಕೆ ಕುಳಿತಾಗ ಮೇಲಿನ ಮನೆಯ ಮರಾಠಿ ಆಯಿ ಅಳುತ್ತ ಬಂದು, ಮಗಳು ಸುನಂದಾ ಕಾಣುತ್ತಿಲ್ಲ ಎಂದಳು. ಅಪ್ಪ ತುತ್ತು ಬಿಟ್ಟು ಅವ್ವನ ಕಡೆ ತಿರುಗಿದ.

“ತಮ್ಮ ಮಧ್ಯಾಹ್ನ ಮನಿಗೆ ಬಂದಿದ್ನೇನು?”

ನಾನು ಹೇಳಲೆಂದು ಬಾಯಿ ತೆರೆದೆ. ಅವ್ವ ಅದರೊಳಗೆ ಅನ್ನದ ತುತ್ತೊಂದನ್ನು ಇಟ್ಟು, “ಬಂದೇ ಇಲ್ರಿ” ಎಂದಳು.