ತಲೆ ಯಾವ ಕಡೆ

“ತಲೆ ಯಾವ ಕಡೆ ಇಟ್ಟಿದ್ದೀರಿ?”

ವಿಮಾನದ ಬಾಗಿಲಲ್ಲಿ ನಗುತ್ತ ನಿಂತಿದ್ದ ಗಗನಸಖಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಯಾರ ತಲೆ ಮೇಡಂ?”

“ನನ್ನ ಗಂಡನದು. ಕೆಳಗೆ, ಸಾಮಾನಿನ ಜೊತೆ ಇದ್ದಾರೆ. ಪೆಟ್ಟಿಗೆಯಲ್ಲಿ.”

ಗಗನಸಖಿಯ ನಗು ಅರ್ಧಕ್ಕೇ ನಿಂತಿತು. ಹಿಂದೆ ಬರುತ್ತಿದ್ದ ಮೈದುನ ಅವಳ ತೋಳು ಮುಟ್ಟಿದ. “ನಡೀರಿ ಅತ್ತಿಗೆ, ಜನ ಕಾಯ್ತಿದ್ದಾರೆ. ಅಣ್ಣನಿಗೆ ಇನ್ನು ಯಾವ ಕಡೆಯಾದ್ರೇನು?”

ಅವಳು ಕದಲಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ದಿನ ಅವಳಿಗಿದ್ದದ್ದು ಒಂದೇ ಕೆಲಸ: ಮಂಚದ ಕೆಳಗಿನ ಹಿಡಿಕೆ ತಿರುಗಿಸಿ ಅವನ ತಲೆಯ ಕಡೆ ಎತ್ತರಿಸುವುದು. ತಲೆ ತುಸು ತಗ್ಗಾದರೂ ಅವನಿಗೆ ಉಸಿರು ಕಟ್ಟುತ್ತಿತ್ತು. “ಇನ್ನೊಂದು ಸುತ್ತು ಕೊಡೇ, ಪುಣ್ಯ ಬರುತ್ತೆ,” ಅನ್ನುತ್ತಿದ್ದ ಕಣ್ಣು ಮುಚ್ಚಿಕೊಂಡೇ. ಈಗ ಕಾಯುವ ಕೋಣೆಯ ಗಾಜಿನಾಚೆ ಬೇರೊಂದು ವಿಮಾನ ಮೂಗೆತ್ತಿ ಕಡಿದಾಗಿ ಏರಿದ್ದನ್ನು ನೋಡಿದಾಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವನ ತಲೆಯನ್ನು ಬಾಲದ ಕಡೆಗೆ ಇಟ್ಟಿದ್ದರೆ?

“ಏನಮ್ಮಾ, ಅಲ್ಲೇ ಟೆಂಟ್ ಹಾಕ್ತೀರಾ?” ಸಾಲಿನಿಂದ ಯಾರೋ ಕೂಗಿದರು. ಇನ್ಯಾರೋ ನಕ್ಕರು. ಮೈದುನ ತಲೆ ತಗ್ಗಿಸಿದ.

ಪೈಲಟ್‌ಗಳ ಕೋಣೆಯ ಬಾಗಿಲು ತೆರೆದೇ ಇತ್ತು. ಎಲ್ಲ ಕೇಳಿಸಿಕೊಂಡಿರಬೇಕು, ಸಹಪೈಲಟ್ ಎದ್ದು ಬಂದಳು. ಅವಳಿಗಿಂತ ಚಿಕ್ಕ ಹುಡುಗಿ. ಬಿಳಿ ಅಂಗಿ, ಬೆರಳಿನ ತುದಿಯಲ್ಲಿ ಮಾತ್ರ ಒಂದಿಷ್ಟು ಕಪ್ಪು ಮಸಿ.

“ಮೂಗಿನ ಕಡೆ ಅಕ್ಕಾ,” ಅಂದಳು. “ಹೊರಡೋ ಮುಂಚೆ ಕೆಳಗಿಳಿದು ವಿಮಾನ ಒಂದು ಸುತ್ತು ಹಾಕಿ ನೋಡ್ತೀವಿ. ಆಗ ಪೆಟ್ಟಿಗೆ ಒಳಗಿಟ್ಟು ಪಟ್ಟಿ ಬಿಗೀತಿದ್ರು, ತಲೆ ಕಡೆಗೆ ಗುರುತು ಹಾಕಿತ್ತು, ನಾನೇ ನೋಡ್ದೆ. ತಲೆ ಮೂಗಿನ ಕಡೆ, ಕಾಲು ಬಾಲದ ಕಡೆ.”

“ಬೇಕಂತಲೇ ಹಾಗಿಟ್ಟಿದ್ದಾ?”

“ಬೇಕಂತಲೇ. ಇದು ಆಕಾಶದಲ್ಲಿ ನೆಟ್ಟಗೆ ಹೋಗ್ತಿರುವಾಗ್ಲೂ ಮೂಗು ಒಂಚೂರು ಮೇಲೇ ಇರುತ್ತೆ. ಮಲಗಿದವರ ತಲೆ ತಗ್ಗಾಗಬಾರದಲ್ವಾ?”

“ಇಳಿಯುವಾಗ?”

ಹುಡುಗಿ ಅಂಗೈ ಚಾಚಿ ಮುಂದಕ್ಕೆ ಬಾಗಿಸಿ ತೋರಿಸಿದಳು. “ನಡುವೆ ಒಂದಿಷ್ಟು ಹೊತ್ತು ಬಾಗುತ್ತೆ. ಸುಳ್ಳು ಹೇಳಲ್ಲ. ಆದ್ರೆ ನೆಲ ಮುಟ್ಟೋದು ಮತ್ತೆ ಮೂಗೆತ್ತಿಯೇ, ಹಿಂದಿನ ಚಕ್ರ ಮೊದಲು. ಇವತ್ತು ಇಳಿಸೋದು ನಾನೇ ಅಕ್ಕಾ.”

ಅವಳು ಮೈದುನನ ಜೊತೆ ಹೋಗಿ ತನ್ನ ಸೀಟಿನಲ್ಲಿ ಕೂತಳು.

ವಿಮಾನ ಓಡಿತು. ಕಿಟಕಿಯಾಚೆಯ ಹುಲ್ಲು ಗೆರೆಯಾಯಿತು, ಗೆರೆ ಬಣ್ಣವಾಯಿತು. ಆಮೇಲೆ ಅವಳ ಕಾಲಡಿಯ ನೆಲ ಮುಂದಿನಿಂದ ಎದ್ದಿತು. ಅವಳ ಬೆನ್ನು ಸೀಟಿಗೆ ಒತ್ತಿತು. ಆ ಹಿಡಿಕೆ ತಿರುಗಿಸಿ ತಿರುಗಿಸಿ ಅಂಗೈಯಲ್ಲಿ ಎದ್ದ ಬೊಕ್ಕೆ ಇನ್ನೂ ಒಣಗಿರಲಿಲ್ಲ. ಇಲ್ಲಿ ವಿಮಾನ ಒಂದೇ ಸುತ್ತಿಗೆ ಇಷ್ಟು ಜನ, ಇವರ ಗಂಟುಮೂಟೆ, ಆ ಟೆಂಟಿನ ಮಾತಾಡಿದವನು, ಅಳುವ ಮಗು, ಕೆಳಗೆ ಅವನು, ಎಲ್ಲರನ್ನೂ ತಲೆಯ ಕಡೆಯಿಂದ ಎತ್ತುತ್ತಿತ್ತು. ಎತ್ತುತ್ತಲೇ ಇತ್ತು. ಅವಳು ಬಾಯಿ ತೆರೆದು ಕೂತಿದ್ದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಏನೋ ಒಂದು ದೊಡ್ಡದಾಗಿ ಕಂಡಿತ್ತು.

ಮೋಡದ ಮೇಲೆ ಬಂದಾಗ ಗಗನಸಖಿ ನೀರು ಕೊಟ್ಟು ಹೋದಳು. ಮೈದುನ ಎದುರಿನ ಹಲಗೆಯ ಮೇಲಿದ್ದ ತನ್ನ ಲೋಟಕ್ಕೆ ಕೈಹಾಕಿದ.

“ಕುಡೀಬೇಡ, ಇರಲಿ.”

“ಗಂಟಲು ಒಣಗಿದೆ ಅತ್ತಿಗೆ.”

“ನಂದು ಕುಡಿ. ಅದು ಅಲ್ಲಾಡಬಾರದು.”

ಅವನು ಬಗ್ಗಿ ನೋಡಿದ. ಲೋಟದ ನೀರು ಮುಂದಿನ ಅಂಚಿಗಿಂತ ಅವರ ಕಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಮೇಲಿತ್ತು. ಹುಡುಗಿ ಹೇಳಿದ ‘ಒಂಚೂರು’ ಅದೇ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಇಬ್ಬರೂ ಆ ನೀರನ್ನೇ ನೋಡುತ್ತ ಕೂತರು, ಮಗ್ಗುಲಲ್ಲಿ ಆಕಾಶವಿಡೀ ಹರಡಿಕೊಂಡಿದ್ದರೂ.

ಇಳಿಯತೊಡಗಿದಾಗ ನೀರು ಅತ್ತ ಸರಿಯಿತು. ಅವಳು ಉಸಿರು ಬಿಗಿಹಿಡಿದು, ಬೆನ್ನನ್ನು ಸೀಟಿಗೆ ಒತ್ತಿ ಕೂತಳು, ತನ್ನ ಭಾರಕ್ಕೆ ಬಾಲ ತುಸು ತಗ್ಗೀತು ಎಂಬಂತೆ. ಮೈದುನನೂ ಒತ್ತಿದ.

ಹಿಂದಿನ ಚಕ್ರಗಳು ನೆಲ ಮುಟ್ಟಿದವು. ಮೂಗು ಇನ್ನೂ ಮೇಲೇ ಇತ್ತು. ರಸ್ತೆಯ ಮೇಲೆ ಯಾವ ವಾಹನವೂ ಓಡದ ವೇಗದಲ್ಲಿ ವಿಮಾನ ಓಡುತ್ತಿರುವಾಗಲೇ ಆ ಹುಡುಗಿ ಮೂಗನ್ನು ಮೆಲ್ಲಗೆ, ಬಲು ಮೆಲ್ಲಗೆ ಇಳಿಸಿದಳು, ನಿದ್ದೆ ಹತ್ತಿದವನ ತಲೆಯ ಕೆಳಗಿನಿಂದ ಕೈ ತೆಗೆಯುವ ಹಾಗೆ.