ಹಿಂದೆ ಕೂತವಳ ಹೆಲ್ಮೆಟ್

ಅಂಚೆಯಲ್ಲಿ ಬಂದ ನೋಟೀಸು ಓದಿ ರಾಜೇಂದ್ರನ್ ನೇಯುತ್ತಿದ್ದ ಮಗ್ಗದಿಂದ ಎದ್ದೇ ನಿಂತ. ಮೆಟ್ಟುಪಾಳ್ಯಂ ಸಿಗ್ನಲ್‌ನಲ್ಲಿ ಅವನ ಬೈಕಿನ ಹಿಂದೆ ಕೂತವರು ಹೆಲ್ಮೆಟ್ ಹಾಕಿರಲಿಲ್ಲವಂತೆ, ಫೈನ್ ಕಟ್ಟಬೇಕಂತೆ. ಅವನ ಹಿಂದೆ ಕೂರುವವಳು ಹೆಂಡತಿ ಶಿವಗಾಮಿ ಒಬ್ಬಳೇ. ಸಿರುಮುಗೈಯ ನೇಕಾರರ ಬೀದಿಯಲ್ಲಿ ಹೆಂಡತಿಗೂ ಹೆಲ್ಮೆಟ್ ತಂದುಕೊಟ್ಟ ಗಂಡಸು ತಾನೊಬ್ಬನೇ ಎಂದು ಅವನು ಹೇಳಿಕೊಳ್ಳದ ಮನೆಯಿಲ್ಲ. ಅಂಥವನಿಗೇ ಈ ನೋಟೀಸು.

ಸುಮ್ಮನೆ ಕಟ್ಟಿಬಿಡೋಣ ಎಂದು ಶಿವಗಾಮಿ ಮೆಲ್ಲಗೆ ಹೇಳಿ ನೋಡಿದಳು.

“ಕಾಸಿಗಲ್ಲ ಶಿವಗಾಮಿ, ಮರ್ಯಾದೆಗೆ. ನೀನೇ ಬಂದು ಸಾಕ್ಷಿ ಹೇಳು.”

ಬಿಳಿ ಅಂಗಿ ತೊಟ್ಟು, ನಾಲ್ಕು ಜನ ನೋಡಲೆಂದೇ ನಡುಬೀದಿಯಲ್ಲಿ ನಿಂತು ಅವಳ ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಬಿಗಿದ. ದಾರಿಯುದ್ದಕ್ಕೂ ಪೊಲೀಸರನ್ನು ಬೈದದ್ದೇ ಬೈದದ್ದು.

ಠಾಣೆಯಲ್ಲಿ ಮಹಿಳಾ ಎಸ್‌ಐ ಅವನ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕೇಳಿ, ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು.

ಫೋಟೋದಲ್ಲಿ ಮಳೆ. ಅವನ ತಲೆಯ ಮೇಲೆ ಹೆಲ್ಮೆಟ್ ಇತ್ತು. ಶಿವಗಾಮಿಯ ಕೂದಲು ತೊಯ್ದು ಹಣೆಗೆ ಅಂಟಿತ್ತು. ಅವಳ ಹೆಲ್ಮೆಟ್ ಮಡಿಲಲ್ಲಿ ಬೋರಲಾಗಿತ್ತು. ಅದರಡಿ, ಕೂಲಿಗೆ ನೇಯಿಸುವ ಮುದಲಾಳಿ ಮುಂದಿನ ಸೀರೆಗೆಂದು ಕೊಟ್ಟ ರೇಷ್ಮೆ ನೂಲಿನ ಲಡಿಗಳು ಇಣುಕುತ್ತಿದ್ದವು. ನೆನೆದರೆ ಬಣ್ಣ ಬಿಟ್ಟೀತು, ಹೆಲ್ಮೆಟ್ ತೆಗೆದು ನೂಲಿಗೆ ಮುಚ್ಚು ಎಂದಿದ್ದವನು ಅವನೇ. ಅವನಿಗೆ ಅದು ಮರೆತೇಹೋಗಿತ್ತು. ಫೋಟೋದಲ್ಲಿ ಅವನು ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದ. ಆಗ ಕೇಳಿದ್ದೂ ಈಗ ನೆನಪಾಯಿತು: ನೂಲು ನೆನೆಯಿತಾ?

ರಾಜೇಂದ್ರನ್‌ಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಶಿವಗಾಮಿ ಮುಂದೆ ಬಂದು, ಮನೆಮಾತು ಕನ್ನಡ ಬಿಟ್ಟು, ಎಸ್‌ಐಗೆ ತಿಳಿಯುವ ತಮಿಳಿನಲ್ಲಿ ಹೇಳಿಬಿಟ್ಟಳು: “ಇವರು ಹಾಕ್ಕೋ ಅಂತಲೇ ಅಂದರು ಮೇಡಂ. ತಲೆನೋವು ಅಂತ ನಾನೇ ತೆಗೆದೆ.”

ಎಸ್‌ಐ ಅವಳಿಗೆ ಸರಿಯಾಗಿ ಬೈದಳು. ಗಂಡ ಇಷ್ಟು ಅಕ್ಕರೆಯಿಂದ ತಂದುಕೊಟ್ಟರೆ ನಿನಗೆ ಬುದ್ಧಿ ಬೇಡವಾ, ತಲೆ ಒಡೆದರೆ ಮಕ್ಕಳ ಗತಿಯೇನು ಎಂದಳು. ಇಂಥ ಗಂಡ ಎಷ್ಟು ಜನಕ್ಕೆ ಸಿಗ್ತಾನೆ ಎಂದೂ ಸೇರಿಸಿದಳು. ಶಿವಗಾಮಿ ಎಲ್ಲದಕ್ಕೂ ತಲೆಯಾಡಿಸಿದಳು. ಅವನು ಒಂದು ಮಾತು ಆಡಿದ್ದರೆ ಬೈಗುಳ ಅಲ್ಲಿಗೇ ನಿಲ್ಲುತ್ತಿತ್ತು. ಆಡಲಿಲ್ಲ ಮಹಾರಾಯ. ಫೈನ್ ಕಟ್ಟಿ ಹೊರಗೆ ಬಂದ.

ಬೈಕಿನ ಹತ್ತಿರ ನಿಂತು, ಅವಳ ಮುಖ ನೋಡಲಾಗದೆ ಕೇಳಿದ: “ಯಾಕೆ ಹಂಗೆ ಹೇಳ್ದೆ? ತಪ್ಪು ನಂದು. ನಂಗೇ ನಾಚಿಕೆ ಆಗ್ತದೆ.”

“ಅದು ಬುಡಿ,” ಎಂದಳು ಶಿವಗಾಮಿ. “ಅವತ್ತು ಸಿಗ್ನಲ್ ಹತ್ರ ನೀವು ತಿರುಗಿದ್ರಲ್ಲ, ನಾನು ನನೆದ್ನಾ ಅಂತ ಕೇಳ್ತೀರಿ ಅನ್ಕೊಂಡೆ.”