ಮಾತಿನ ಸೈಜ್

ಮಾತನ್ನು ರೆಕಾರ್ಡ್ ಮಾಡಿ ಜೋಪಾನವಾಗಿಡುವ ಆ್ಯಪ್‌ಗೆ ಅವನು ಬರೆದಿದ್ದ ಕೋಡ್ ನೋಡುತ್ತಿದ್ದ ಕಿರಿಯ ಸಹೋದ್ಯೋಗಿ ತಲೆಯೆತ್ತಿದಳು.

"ಸರ್, ಒಬ್ಬೊಬ್ಬರ ಮಾತಿನ ಒಟ್ಟು ಸೈಜ್ ಲೆಕ್ಕ ಇಡೋಕೆ ಇಷ್ಟು ಚಿಕ್ಕ ಇಂಟಿಜರ್ ಜಾಗ ಸಾಕಾ? ಮಿತಿ ದಾಟಿದ್ರೆ ಅಂಕಿ ತಿರುಗಿ ಮೈನಸ್ ಆಗ್ಬಿಡತ್ತೆ, ರೆಕಾರ್ಡಿಂಗೇ ನಿಂತ್ಹೋಗತ್ತೆ."

"ದಾಟಲ್ಲ ಬಿಡಮ್ಮ. ಫೋನ್ ಮುಂದೆ ಒಬ್ರೇ ಕೂತು ಅಷ್ಟೊಂದು ಯಾರು ಮಾತಾಡ್ತಾರೆ?" ಅವನು ನಕ್ಕ.

ಪರೀಕ್ಷೆಗೆಂದು ಆ್ಯಪನ್ನು ಮೊದಲು ಹೆಂಡತಿಯ ಫೋನಿಗೆ ಹಾಕಿಕೊಟ್ಟ. ಆಮೇಲೆ ಮರೆತೇಬಿಟ್ಟ.

ಎಷ್ಟೋ ಕಾಲದ ಮೇಲೆ, ಊಟದ ಹೊತ್ತಿಗೂ ಲ್ಯಾಪ್‌ಟಾಪ್‌ನಿಂದ ಕಣ್ಣು ತೆಗೆಯದ ಅವನ ಮುಂದೆ ಹೆಂಡತಿ ಫೋನ್ ಇಟ್ಟಳು.

"ರೀ, ನಿಮ್ಮ ಆ್ಯಪ್ ಕೆಟ್ಟಿದೆ. ಬೆಳಿಗ್ಗೆಯಿಂದ ಏನೂ ರೆಕಾರ್ಡ್ ಆಗ್ತಿಲ್ಲ."

"ಅಯ್ಯೋ, ಅದನ್ನ ನೀನು ಬಳಸ್ತಿದ್ದೀಯಾ?"

"ಯಾವಾಗ್ಲಾದ್ರೂ ಒಮ್ಮೊಮ್ಮೆ."

ಅವನು ಆ್ಯಪ್ ತೆರೆದ. ಅವಳ ಮಾತಿನ ಒಟ್ಟು ಸೈಜ್‌ನ ಮುಂದೆ ಮೈನಸ್ ಚಿಹ್ನೆ ಇತ್ತು.